ಕಾಡಿನ ಲೆಕ್ಕ ಇಟ್ಟವರು ಕಾನೂನಿನ ಲೆಕ್ಕ ಇಡುವುದೆಂದು?

ಮಲೆನಾಡಿನ ಪರಿಸರಾಸಕ್ತರು ಲೆಕ್ಕ ಇಡುವುದರಲ್ಲಿ ಹಿಂದೆ ಬಿದ್ದವರಲ್ಲ. ಮಂಗಟ್ಟೆ ಹಕ್ಕಿಯ ಗೂಡು ಎಷ್ಟು, ರಾಮಪತ್ರೆಯ ಜಡ್ಡಿ ಎಷ್ಟು ಉಳಿದಿದೆ, ಈ ಮುಂಗಾರಿನಲ್ಲಿ ಎಷ್ಟು ಇಂಚು ಮಳೆ ಬಿತ್ತು, ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತಿತು ಎಂಬುದನ್ನು ನಮ್ಮಲ್ಲಿ ಅನೇಕರು ದಶಕಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದಾರೆ. ಆದರೆ ಇದೇ ಕಾಡು, ಇದೇ ಹಳ್ಳ, ಇದೇ ಗಾಳಿ ಮತ್ತು ಇವನ್ನು ನಂಬಿದ ನಮ್ಮ ಆರೋಗ್ಯದ ಬಗ್ಗೆ ವಿಧಾನಸೌಧದಲ್ಲಿಯೂ ಬೆಳಗಾವಿಯ ಸುವರ್ಣಸೌಧದಲ್ಲಿಯೂ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಮಸೂದೆಗಳು ಬಂದವು, ಎಷ್ಟು ಕಾಯ್ದೆಗಳಾದವು, ಯಾವ ಕಾಯ್ದೆಯ ಯಾವ ಕಲಮಿನ ಯಾವ ಶಬ್ದ ಅಳಿಸಿಹೋಯಿತು ಎಂದು ಕೇಳಿದರೆ ನಮ್ಮ ಯಾರ ನೋಟ್‌ಬುಕ್ಕಿನಲ್ಲಿಯೂ ಉತ್ತರವಿಲ್ಲ. ಈ ಲೇಖನ ಆ ಕೊರತೆಯ ಬಗ್ಗೆ. ಸರ್ಕಾರವನ್ನು ದೂರುವ ಮೊದಲು ನಮ್ಮನ್ನೇ ದೂರಿಕೊಳ್ಳುವುದು ಇಲ್ಲಿಯ ಉದ್ದೇಶ.

ನಿಡ್ಲೆಯ ಪಾಠ

ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಥೆಯಿಂದ ಆರಂಭಿಸೋಣ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಕಾಡನ್ನು ಗೇರು ತೋಟಕ್ಕಾಗಿ ಕಡಿಯಲಾಯಿತು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಕಡಿತದ ಹಿಂದೆಯೇ 1982-83ರಲ್ಲಿ ಬೆಳ್ತಂಗಡಿಯ ಸೀಮೆಯಲ್ಲಿ ಸ್ಫೋಟಿಸಿತು. ಒಂದೇ ಹಂಗಾಮಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಸುಮಾರು 150 ಮಂದಿ ತೀರಿಕೊಂಡರು. ಆ ಕಾಯಿಲೆಯ ಇತಿಹಾಸದಲ್ಲಿ ಅಷ್ಟು ದೊಡ್ಡ ಹಾವಳಿ ಅದಕ್ಕೆ ಮೊದಲು ಆಗಿರಲಿಲ್ಲ. ಕಾಡು ಕಡಿದಾಗ ಉಣುಗುಗಳು, ಮಂಗಗಳು, ಮೇಯುವ ದನಗಳು ಮತ್ತು ಕೂಲಿಯಾಳುಗಳು ಹಿಂದೆಂದೂ ಇಲ್ಲದ ಹಾಗೆ ಒಂದೇ ಕಡೆ ಸೇರಿದ್ದು ಅದಕ್ಕೆ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. ದುರಂತ ಅಲ್ಲಿಗೆ ಮುಗಿಯಲಿಲ್ಲ. ಗೇರು ಬೆಳೆದು ನಿಂತ ಮೇಲೆ ಅದರ ಕೀಟಗಳಿಗೆಂದು ಹೆಲಿಕಾಪ್ಟರ್‌ಗಳು ಬಂದವು. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಸುರಿಯಿತು. ಗಡಿಯಾಚೆ ಕಾಸರಗೋಡಿನಲ್ಲಿಯೂ ಅದೇ ನಡೆದಿತ್ತು.

ಒಂದೇ ನೆಲದ ಮೇಲೆ ಎರಡು ವಿಪತ್ತು. ಆ ನಿರ್ಧಾರಗಳು ಕಡತದಲ್ಲಿ ಕುಳಿತದ್ದು ಎಲ್ಲಿ? ಕಾಡು ಕಡಿದ ಆದೇಶ ಅರಣ್ಯದ ಕಡತದಲ್ಲಿ, ತೋಟದ ಯೋಜನೆ ನಿಗಮದ ಕಡತದಲ್ಲಿ, ಸಿಂಪರಣೆ ಕೃಷಿಯ ಕಡತದಲ್ಲಿ. ಆರೋಗ್ಯ ಇಲಾಖೆಯ ಕಡತ ತೆರೆದದ್ದು ಹೆಣ ಬಿದ್ದ ಮೇಲೆ. ಯಾವ ಅಧಿಕಾರಿಯೂ ತಾನು ಜನರ ಆರೋಗ್ಯದ ಬಗ್ಗೆ ತೀರ್ಮಾನ ಕೈಗೊಳ್ಳುತ್ತಿದ್ದೇನೆಂದು ತಿಳಿದು ಸಹಿ ಹಾಕಿರಲಿಕ್ಕಿಲ್ಲ. ಆದ್ದರಿಂದಲೇ ನಮ್ಮ ಮೊದಲ ವಾದ ಇದು: ಕಾನೂನನ್ನು ಇಲಾಖೆಯ ಹೆಸರಿನ ಮೇಲೆ ವಿಂಗಡಿಸುವುದು ಸರ್ಕಾರದ ಅನುಕೂಲಕ್ಕೆ. ಅದು ಜನರ ದೇಹಕ್ಕೆ ಏನು ಮಾಡುತ್ತದೆ, ಜನರ ತಿಳಿವಳಿಕೆಗೆ ಏನು ಮಾಡುತ್ತದೆ ಎಂಬುದರ ಮೇಲೆ ವಿಂಗಡಿಸುವ ಕೆಲಸವನ್ನು ನಾವೇ ಮಾಡಬೇಕು.

ಅಮೆರಿಕದಲ್ಲಿ ಎಣಿಸಿದ್ದು

ಇಂಥ ಎಣಿಕೆ ಸಾಧ್ಯವೇ ಎಂದು ಸಂಶಯಪಡುವವರು ಅಮೆರಿಕದ ಕಡೆ ನೋಡಬಹುದು. ಅಲ್ಲಿಯ ಐವತ್ತು ರಾಜ್ಯಗಳ ಶಾಸನಸಭೆಗಳಲ್ಲಿ 2025ರಲ್ಲಿ ಮಂಡಿತವಾದ ಮಸೂದೆಗಳನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯವರು ಜಾಲಾಡಿ, ಲಸಿಕೆ, ಹಾಲಿನ ಶುದ್ಧತೆ, ಕುಡಿಯುವ ನೀರಿನ ಫ್ಲೋರೈಡ್ ಇತ್ಯಾದಿ ವಿಷಯಗಳಲ್ಲಿ ವಿಜ್ಞಾನಕ್ಕೆ ವಿರುದ್ಧವಾದವು 420ಕ್ಕೂ ಹೆಚ್ಚು ಎಂದು ಅಕ್ಟೋಬರಿನಲ್ಲಿ ಪ್ರಕಟಿಸಿದರು. ಬಿಡಿಬಿಡಿಯಾಗಿ ಕಂಡಾಗ ಒಬ್ಬ ಶಾಸಕನ ಹುಚ್ಚಾಟವೆಂದು ತೋರುತ್ತಿದ್ದದ್ದು, ಸಾಲಾಗಿ ಜೋಡಿಸಿದಾಗ ರಾಜ್ಯದಿಂದ ರಾಜ್ಯಕ್ಕೆ ನಕಲಾಗುತ್ತ ಸಾಗುವ ಒಂದು ಯೋಜಿತ ಚಳವಳಿಯೆಂದು ಗೊತ್ತಾಯಿತು. ಎಣಿಸದೆ ಇದ್ದಿದ್ದರೆ ಈ ಸಾಲು ಯಾರಿಗೂ ಕಾಣುತ್ತಿರಲಿಲ್ಲ. ಅದೇ ವರ್ಷ ಟೆಕ್ಸಾಸ್‌ನಲ್ಲಿ ದಡಾರ ಹರಡಿ 762 ಪ್ರಕರಣಗಳು ದಾಖಲಾದವು, ಲಸಿಕೆ ಪಡೆಯದ ಇಬ್ಬರು ಮಕ್ಕಳು ಸತ್ತರು. ಮಸೂದೆಯ ಭಾಷೆಗೂ ಮಗುವಿನ ಉಸಿರಿಗೂ ನಡುವಿನ ದೂರ ನಾವೆಣಿಸಿದಷ್ಟು ದೊಡ್ಡದಲ್ಲ.

ಇನ್ನೊಂದು ಪಾಠವೂ ಅಲ್ಲಿದೆ. ನೀರಿಗೆ ಫ್ಲೋರೈಡ್ ಬೆರೆಸುವುದನ್ನು ನಿಷೇಧಿಸಿದ ಮೊದಲ ರಾಜ್ಯ ಯೂಟಾ. ಅಲ್ಲಿ ಆ ಕಾಯ್ದೆ 2025ರ ಮೇ 7ರಂದು ಜಾರಿಗೆ ಬಂತು. ಎರಡನೆಯದು ಫ್ಲಾರಿಡಾ. ಇದನ್ನು ಓದಿದ ನಮ್ಮಲ್ಲಿ ಕೆಲವರು ಸಂತೋಷಪಟ್ಟಿರಬಹುದು. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಸೀಮೆಯ ಕೊಳವೆಬಾವಿಗಳ ಫ್ಲೋರೈಡ್ ಎಳೆಯ ಮಕ್ಕಳ ಹಲ್ಲನ್ನು ಕಂದು ಮಾಡಿದ್ದನ್ನು, ನಡುವಯಸ್ಸಿನವರ ಬೆನ್ನನ್ನು ಬಗ್ಗಿಸಿದ್ದನ್ನು ಕಂಡವರು ನಾವು. ಆದರೆ ಅಮೆರಿಕದಲ್ಲಿ ಬೆರೆಸುತ್ತಿದ್ದದ್ದು ಲೀಟರಿಗೆ 0.7 ಮಿಲಿಗ್ರಾಂ, ಹಲ್ಲಿನ ಹುಳುಕು ತಡೆಯಲು. ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಾಗ 1.5. ನಮ್ಮ ಬಯಲುಸೀಮೆಯ ಎಷ್ಟೋ ಬಾವಿಗಳು ಈ ಮಿತಿಯನ್ನು ಮೀರಿದವು. ವಸ್ತು ಒಂದೇ, ಪ್ರಮಾಣ ಬೇರೆ, ಪರಿಣಾಮ ಬೇರೆ. ಆದ್ದರಿಂದ ‘ರಾಸಾಯನಿಕವನ್ನು ನಿಷೇಧಿಸಿದೆ, ಒಳ್ಳೆಯ ಕಾನೂನು’ ಎಂದು ಶಬ್ದವನ್ನು ನೋಡಿ ವಿಂಗಡಿಸಲಾಗದು. ಪ್ರಮಾಣವನ್ನೂ ಪುರಾವೆಯನ್ನೂ ನೋಡಿ ವಿಂಗಡಿಸಬೇಕು.

ಅಡಿಕೆಯಂತೆ ಆಯೋಣ

ನಮ್ಮ ಸೀಮೆಯ ರೈತನಿಗೆ ವಿಂಗಡಣೆಯ ಬೆಲೆಯನ್ನು ಹೇಳಿಕೊಡಬೇಕಿಲ್ಲ. ಬೆಟ್ಟೆ, ರಾಶಿ, ಗೊರಬಲು ಎಂದು ಆಯದೆ ಮಂಡಿಗೆ ಕೊಂಡೊಯ್ದ ಅಡಿಕೆಗೆ ವ್ಯಾಪಾರಿ ಹೇಳಿದ್ದೇ ದರ. ಕಾನೂನಿನ ವಿಷಯದಲ್ಲಿ ನಾವು ಇಂದಿಗೂ ಆಯದ ಅಡಿಕೆಯನ್ನೇ ಹೊತ್ತು ನಿಂತಿದ್ದೇವೆ. ಕರ್ನಾಟಕದ ಇತ್ತೀಚಿನ ಶಾಸನಗಳನ್ನು ಐದು ರಾಶಿ ಮಾಡಿ ನೋಡೋಣ.

ಮೊದಲನೆಯದು, ಕಾಯುವ ಕಾನೂನು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯ 3ನೇ ಕಲಮಿನ ಅಡಿಯಲ್ಲಿ ಹೊರಟ ಒಂದು ಅಧಿಸೂಚನೆ ಅದು. 2023ರಲ್ಲಿ ಇಡೀ ರಾಜ್ಯದಲ್ಲಿ ಸರ್ಕಾರಿ ಜಾಲಕ್ಕೆ ದಾಖಲಾದದ್ದು 6,587 ಪ್ರಕರಣ, ಕೇವಲ 19 ಸಾವು. ಗದ್ದೆಯಲ್ಲಿ ದುಡಿಯುವವರಿಗೆ ಈ 19 ಎಂಬ ಸಂಖ್ಯೆಯನ್ನು ನಂಬಲು ಕಷ್ಟ. ಎಣಿಕೆ ಕಡ್ಡಾಯವಾದರೆ ಮುಂದಿನ ಪ್ರಶ್ನೆಗಳು ತಾವಾಗಿ ಏಳುತ್ತವೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದ ಪ್ರತಿವಿಷ ನಮ್ಮ ಏಲಕ್ಕಿ, ಕಾಫಿ ತೋಟಗಳ ಗುಳಿಮಂಡಲಗಳ ವಿಷಕ್ಕೆ ಏಕೆ ಇಲ್ಲ? ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ ಇದೆ, ಯಾವುದರಲ್ಲಿ ಇಲ್ಲ? ಇದೇ ರಾಶಿಗೆ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯೂ ಸೇರುತ್ತದೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗಗೊಡದೆ ಮಂತ್ರ-ತಾಯಿತಗಳಲ್ಲಿ ಕಾಲ ಕಳೆಯುವುದು ಅದರ ಪ್ರಕಾರ ಅಪರಾಧ.

ಎರಡನೆಯದು, ಸಡಿಲಿಸುವ ಕಾನೂನು. ಇದು ನಿಷೇಧವನ್ನು ರದ್ದು ಮಾಡುವುದಿಲ್ಲ, ಒಂದು ಅಂಕಿಯನ್ನು ಬದಲಿಸುತ್ತದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯ ಅಂಚಿನಿಂದ 30 ಮೀಟರ್ ಜಾಗವನ್ನು ಕಾಯ್ದಿರಿಸಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿ ಮಸೂದೆ ಆ 30 ಮೀಟರನ್ನು ನೂರು ಎಕರೆಗಿಂತ ದೊಡ್ಡ ಕೆರೆಗಳಿಗಷ್ಟೇ ಉಳಿಸಿ, ಕೆರೆ ಚಿಕ್ಕದಾದಂತೆ ಅಂಚನ್ನೂ ಕಿರಿದುಮಾಡಿತು. ಒಂದರಿಂದ ಹತ್ತು ಎಕರೆಯ ಕೆರೆಗೆ ಅದು ಕೊಟ್ಟದ್ದು 6 ಮೀಟರ್. ಚಿಕ್ಕ ಕೆರೆಗೆ ಚಿಕ್ಕ ಅಂಚು ಎಂಬುದು ಕೇಳಲು ನ್ಯಾಯವೆನಿಸುತ್ತದೆ. ಆದರೆ ಕೊಳಚೆ ಬೇಗ ತುಂಬುವುದು ಚಿಕ್ಕ ಕೆರೆಯಲ್ಲಿ, ಒತ್ತುವರಿಗೆ ಬೇಗ ಮಾಯವಾಗುವುದೂ ಚಿಕ್ಕ ಕೆರೆಯೇ. ಮಸೂದೆಯ ಶೀರ್ಷಿಕೆಯಲ್ಲಿ ‘ಸಂರಕ್ಷಣೆ’ ಎಂಬ ಶಬ್ದ ಹಾಗೆಯೇ ಇತ್ತು. ಶೀರ್ಷಿಕೆಯನ್ನು ಮಾತ್ರ ಓದುವವನು ಇದನ್ನು ಮೊದಲನೆಯ ರಾಶಿಗೆ ಹಾಕಿಬಿಡುತ್ತಾನೆ.

ಮೂರನೆಯದು, ಕೈಕಟ್ಟಿದ ಕಾನೂನು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ ವಿಷಯ, ಕೃಷಿಯೂ ರಾಜ್ಯಪಟ್ಟಿಯ ವಿಷಯ. ಹಾಗಿದ್ದೂ ಜನರನ್ನು ಕೊಲ್ಲುವ ಒಂದು ಕೀಟನಾಶಕವನ್ನು ರಾಜ್ಯ ಸರ್ಕಾರ ಶಾಶ್ವತವಾಗಿ ನಿಷೇಧಿಸಲು ಆಗದು. 1968ರ ಕೇಂದ್ರದ ಕೀಟನಾಶಕ ಕಾಯ್ದೆ ರಾಜ್ಯಕ್ಕೆ ಕೊಟ್ಟದ್ದು ಅರವತ್ತು ದಿನಗಳ ಅಧಿಕಾರ, ಬೇಕಾದರೆ ಮತ್ತೆ ಮೂವತ್ತು ದಿನ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಷೇಧಿಸಿದ್ದು ಹೀಗೆ ಅರವತ್ತು ದಿನಗಳಿಗೆ. ಆ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆ ಅದನ್ನು ತ್ಯಾಜ್ಯ ಪಟ್ಟಿಗೆ ಸೇರಿಸಿತು, ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ತಡೆಯಾಜ್ಞೆ ನೀಡಿತು. ಅವೆರಡೂ ಆಗದಿದ್ದರೆ ನಿಡ್ಲೆಯ ಜನ ಎರಡು-ಮೂರು ತಿಂಗಳಿಗೊಮ್ಮೆ ಹೊಸ ನಿಷೇಧ ಬೇಡಬೇಕಾಗಿತ್ತು. 2008ರಲ್ಲಿಯೂ 2020ರಲ್ಲಿಯೂ ಸಂಸತ್ತಿಗೆ ಬಂದ ಕೀಟನಾಶಕ ನಿರ್ವಹಣಾ ಮಸೂದೆಗಳು ಕಾಯ್ದೆಯಾಗಲಿಲ್ಲ. 2022ರಲ್ಲಿ ಪಂಜಾಬ್ ಬಾಸ್ಮತಿ ಭತ್ತಕ್ಕೆ ಹತ್ತು ಕೀಟನಾಶಕಗಳನ್ನು ನಿಷೇಧಿಸಿದ್ದೂ ಅರವತ್ತೇ ದಿನಗಳಿಗೆ. ಅಲ್ಲಿ ಕಾರಣ ಪರದೇಶದ ಖರೀದಿದಾರ. ನಮ್ಮ ಕೂಲಿಯಾಳಿನ ನರವ್ಯೂಹಕ್ಕೆ ಅಂಥ ಖರೀದಿದಾರ ಯಾರೂ ಇಲ್ಲ.

ನಾಲ್ಕನೆಯದು, ಬಾಯಿಕಟ್ಟುವ ಕಾನೂನು. 2025ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಯಲಾದ ಸುಳ್ಳುಸುದ್ದಿ ತಡೆಯ ಕರಡು ಮಸೂದೆ ನೆನಪಿದೆಯೇ? ವಿಜ್ಞಾನ, ಇತಿಹಾಸ, ಧರ್ಮ, ತತ್ವಶಾಸ್ತ್ರ, ಸಾಹಿತ್ಯಗಳ ಬಗ್ಗೆ ಜಾಲತಾಣದಲ್ಲಿ ಬರುವುದೆಲ್ಲ ಅಧಿಕೃತ ಸಂಶೋಧನೆಯನ್ನು ಆಧರಿಸಿರಬೇಕೆಂದು ಅದು ಬಯಸಿತ್ತು. ಹಾಗಿದೆಯೇ ಎಂದು ನೋಡುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು, ಅಪರಾಧಿಗೆ ಏಳು ವರ್ಷದವರೆಗೆ ಸೆರೆ. ಇದು ವಿಜ್ಞಾನದ ಹೆಸರಿನಲ್ಲಿ ಬಂದದ್ದರಿಂದ ನಮ್ಮಲ್ಲಿ ಹಲವರು ಸುಮ್ಮನಿದ್ದರು. ಆದರೆ ಯೋಚಿಸಿ: ಹಳ್ಳದ ನೀರನ್ನು ನಾವೇ ಪರೀಕ್ಷಿಸಿ, ಮೀನು ಸತ್ತದ್ದನ್ನು ನಾವೇ ಎಣಿಸಿ ಪ್ರಕಟಿಸಿದರೆ ಅದು ಅಧಿಕೃತ ಸಂಶೋಧನೆಯೇ? ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯೆಂದು ಮೊದಲು ಕಂಡವರು ಕ್ಯಾಸನೂರಿನ ಹಳ್ಳಿಗರು. ಪುಣೆಯ ವೈರಸ್ ಪ್ರಯೋಗಾಲಯ ಬಂದದ್ದು ಆಮೇಲೆ. ಅಂದು ಮಾತಾಡಲು ಸಚಿವರ ಒಪ್ಪಿಗೆ ಬೇಕಿದ್ದರೆ ಕಾಯಿಲೆಗೆ ಹೆಸರಿಡುವುದಕ್ಕೇ ಇನ್ನಷ್ಟು ವರ್ಷ ಹಿಡಿಯುತ್ತಿತ್ತು.

ಐದನೆಯ ರಾಶಿ ಎಲ್ಲಕ್ಕಿಂತ ದೊಡ್ಡದು, ಆದರೆ ಕಣ್ಣಿಗೆ ಬೀಳದು. ಅದು ಇಲ್ಲದ ಕಾನೂನು. ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆಯ ಸತ್ವ ಕುಂದಿತೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ ನಿಜ. ಆದರೆ 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾಲು ಸಾವುಗಳನ್ನು ಕಂಡ ಮೇಲೂ, ಒಂದು ಲಸಿಕೆ ವಿಫಲವಾದಾಗ ಇಷ್ಟು ಅವಧಿಯಲ್ಲಿ ಇನ್ನೊಂದನ್ನು ಒದಗಿಸಬೇಕು, ಅಲ್ಲಿಯತನಕ ಕಾಡಂಚಿನ ಜನರಿಗೆ ಇಂತಿಂಥ ರಕ್ಷಣೆ ಕೊಡಬೇಕು ಎಂದು ಸರ್ಕಾರವನ್ನು ಕಟ್ಟಿಹಾಕುವ ಒಂದು ಸಾಲಿನ ಶಾಸನವೂ ಇಲ್ಲ. ಕಾಡನ್ನು ಬೇರೆ ಬಳಕೆಗೆ ಬಿಟ್ಟುಕೊಡುವ ಮೊದಲು ಅದರಿಂದ ಯಾವ ರೋಗ ಏಳಬಹುದೆಂದು ಆರೋಗ್ಯ ಇಲಾಖೆಯನ್ನು ಕೇಳಬೇಕೆಂಬ ರಾಜ್ಯದ ಕಾಯ್ದೆಯೂ ಇಲ್ಲ. ನಿಡ್ಲೆಯಾಗಿ ನಾಲ್ಕು ದಶಕ ಕಳೆದಿವೆ.

ಬೇರೆಯವರು ಓದುತ್ತಾರೆ

ಕಾನೂನು ಓದುವುದು ವಕೀಲರ ಕೆಲಸ, ನಮ್ಮದು ಜನಜಾಗೃತಿ ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳುತ್ತದೆ. ಲಾಭನಷ್ಟ ಬಲ್ಲವರು ಹಾಗೆ ಹೇಳುವುದಿಲ್ಲ. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ಬಂದಾಗ ಖಾಸಗಿ ಆಸ್ಪತ್ರೆಗಳವರು ಅದರ ಪ್ರತಿಯೊಂದು ಕಲಮನ್ನೂ ಓದಿದ್ದರು. ನವೆಂಬರಿನಲ್ಲಿ ರಾಜ್ಯವ್ಯಾಪಿ ಮುಷ್ಕರ ಹೂಡಿ, ಬೆಳಗಾವಿಯ ಅಧಿವೇಶನ ಮುಗಿಯುವ ಮೊದಲೇ ಜೈಲುಶಿಕ್ಷೆಯ ಕಲಮನ್ನು ತೆಗೆಸಿದರು. ಅವರ ನಿಲುವು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಅವರು ಓದಿದ್ದರು, ರೋಗಿಗಳ ಪರವಾಗಿ ಮಾತಾಡಬೇಕಾದವರಲ್ಲಿ ಹೆಚ್ಚಿನವರು ಓದಿರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಓದಲು ಸಮಯವಾದರೂ ಎಲ್ಲಿದೆ ಎಂದರೆ ಆ ದೂರು ನ್ಯಾಯವಾದದ್ದು. ರಾಜ್ಯಗಳ ಶಾಸನಸಭೆಗಳ ಕೆಲಸವನ್ನು ಗಮನಿಸುವ ದೆಹಲಿಯ ಪಿಆರ್‌ಎಸ್ ಸಂಸ್ಥೆಯ ವಾರ್ಷಿಕ ವರದಿಗಳ ಪ್ರಕಾರ, 2023ರಲ್ಲಿ ರಾಜ್ಯಗಳ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಸೂದೆಗಳು ಮಂಡನೆಯಾದ ದಿನವೋ ಮರುದಿನವೋ ಅಂಗೀಕಾರವಾದವು. ಸಂತೆಯಿಂದ ಮನೆಗೆ ಬರುವಷ್ಟರಲ್ಲಿ ಕಾನೂನು ಮುಗಿದಿರುತ್ತದೆ. ಇದಕ್ಕೆ ಮದ್ದು ಮಸೂದೆ ಬರುವುದಕ್ಕೂ ಮೊದಲೇ ಮೂಲ ಕಾಯ್ದೆಯನ್ನು ಓದಿಟ್ಟುಕೊಳ್ಳುವುದು, ಅಂಗೀಕಾರವಾದ ಮೇಲೂ ಬಿಡದೆ ಹಿಂಬಾಲಿಸುವುದು. ಏಕೆಂದರೆ ಅಂಗೀಕಾರವೇ ಕೊನೆಯಲ್ಲ. ವಾಮಾಚಾರ ತಡೆ ಮಸೂದೆ 2017ರ ನವೆಂಬರಿನಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಹುಕ್ಕಾ ಕೇಂದ್ರಗಳನ್ನು ನಿಷೇಧಿಸಿ, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯಪತ್ರದಲ್ಲಿ ಬಂದದ್ದು 2025ರ ಮೇ ಕೊನೆಯಲ್ಲಿ. ಈ ನಡುವಿನ ತಿಂಗಳುಗಳಲ್ಲಿ ಕೇಳುವವರಿದ್ದರೆ ಕಾನೂನು ಚುರುಕಾಗುತ್ತದೆ, ಇಲ್ಲದಿದ್ದರೆ ಮಲಗುತ್ತದೆ.

ಭಾಷೆಯ ತೊಡಕೂ ಸುಳ್ಳಲ್ಲ. ಕೇಂದ್ರದ ಪರಿಸರ ಪರಿಣಾಮ ಅಧ್ಯಯನದ 2020ರ ಕರಡು ಅಧಿಸೂಚನೆ ಕನ್ನಡದಲ್ಲಿ ಇರಲೇ ಇಲ್ಲ. ಎಲ್ಲ ಭಾಷೆಗಳಿಗೂ ಅನುವಾದಿಸಿರೆಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಆ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತಡೆಯಬೇಕಾಯಿತು. ಅಂದರೆ ‘ನಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ’ ಎಂಬ ಒಂದೇ ಬೇಡಿಕೆ ದೇಶದ ದೊಡ್ಡ ಅಧಿಸೂಚನೆಯೊಂದನ್ನು ನಿಲ್ಲಿಸಬಲ್ಲದು.

ತೂಕದ ಬಟ್ಟು ಒಂದೇ ಇರಲಿ

ಕೊನೆಯದಾಗಿ ಒಂದು ಕಹಿಮಾತು. ಯಾವ ಕಾನೂನು ವಿಜ್ಞಾನದ ಪರ, ಯಾವುದು ವಿರೋಧ ಎಂದು ತೀರ್ಮಾನಿಸುವವರು ನೀವು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಡುವ ನೈತಿಕ ಶಕ್ತಿ ನಮಗಿರಬೇಕಾದರೆ, ನಮಗೆ ಹಿತವಾದ ಕಾನೂನನ್ನೂ ಅಹಿತವಾದದ್ದನ್ನೂ ಒಂದೇ ಬಟ್ಟಿನಿಂದ ತೂಗಬೇಕು. ಅಣೆಕಟ್ಟಿನ ಬಗ್ಗೆ ವಿಜ್ಞಾನಿಯ ವರದಿಯನ್ನು ತಲೆಯ ಮೇಲೆ ಹೊತ್ತು ಮೆರೆಸುವ ನಮ್ಮವರಲ್ಲಿಯೇ ಕೆಲವರು, ಮಕ್ಕಳ ಲಸಿಕೆಯ ಮಾತು ಬಂದಾಗ ಅದೇ ವಿಜ್ಞಾನವನ್ನು ಕಂಪನಿಗಳ ಕುತಂತ್ರವೆಂದು ತಳ್ಳಿಹಾಕುವುದನ್ನು ನಾನು ನಮ್ಮ ಸಭೆಗಳಲ್ಲಿಯೇ ಕೇಳಿದ್ದೇನೆ, ಎದ್ದು ವಿರೋಧಿಸದೆ ಸುಮ್ಮನೆಯೂ ಕುಳಿತಿದ್ದೇನೆ. ಸಾವಯವವೆಂಬ ಹೆಸರಿದ್ದ ಮಾತ್ರಕ್ಕೆ ಪುರಾವೆ ಕೇಳದೆ ಒಪ್ಪಿದ್ದೂ ಉಂಟು. ಅಮೆರಿಕದ ಆ 420 ಮಸೂದೆಗಳಲ್ಲಿ ಎಷ್ಟೋ ಮಸೂದೆಗಳು ‘ನೈಸರ್ಗಿಕ’, ‘ಸ್ವಾತಂತ್ರ್ಯ’ ಎಂಬ ನಮ್ಮದೇ ಪ್ರೀತಿಯ ಶಬ್ದಗಳನ್ನು ತೊಟ್ಟುಕೊಂಡು ಬಂದವು ಎಂಬುದನ್ನು ಮರೆಯಬಾರದು.

ಆದ್ದರಿಂದ ಬಳಗದ ಮುಂದೆ ಈ ಸೂಚನೆಯನ್ನಿಡುತ್ತೇನೆ. ಪ್ರತಿ ತಾಲೂಕಿನ ಘಟಕದಲ್ಲಿ ಇಬ್ಬರು ಒಂದು ಹೊತ್ತಗೆಯನ್ನು ತೆರೆಯಲಿ. ಅದರಲ್ಲಿ ಎಂಟು ಅಂಕಣಗಳು ಸಾಕು: ಮಸೂದೆಯ ಹೆಸರು, ಮಂಡನೆಯ ದಿನ, ಈಗಿರುವ ಹಂತ, ತಿದ್ದಿದ ಮೂಲ ಕಾಯ್ದೆ, ಹಳೆಯ ಶಬ್ದ, ಹೊಸ ಶಬ್ದ, ಅದಕ್ಕೆ ಕೊಟ್ಟ ವೈಜ್ಞಾನಿಕ ಆಧಾರ, ಮೇಲೆ ಹೇಳಿದ ಐದರಲ್ಲಿ ಯಾವ ರಾಶಿ. ಆಧಾರವೇ ಇಲ್ಲದಿದ್ದರೆ ಆ ಅಂಕಣವನ್ನು ಖಾಲಿ ಬಿಡಿ, ಖಾಲಿ ಅಂಕಣವೇ ನಮ್ಮ ಮೊದಲ ಪ್ರಶ್ನೆ. ರಾಶಿಯ ಬಗ್ಗೆ ಇಬ್ಬರಲ್ಲಿ ಒಮ್ಮತವಾಗದಿದ್ದರೆ ಎರಡೂ ಅಭಿಪ್ರಾಯಗಳನ್ನು ಬರೆಯಿರಿ. ಕಾಯ್ದೆಗಳಿಗಿಂತ ಅಧಿಸೂಚನೆಗಳನ್ನೂ ನಿಯಮಗಳನ್ನೂ ಹೆಚ್ಚು ಗಮನಿಸಿರಿ. ಹಾವು ಕಡಿತದ ಕ್ರಮ ಬಂದದ್ದು ಅಧಿಸೂಚನೆಯಿಂದ, ಕೇಡೂ ಬಹುಮಟ್ಟಿಗೆ ಅದೇ ಬಾಗಿಲಿನಿಂದ ಬರುತ್ತದೆ. ಅಧಿವೇಶನ ಮುಗಿದ ಹದಿನೈದು ದಿನಗಳಲ್ಲಿ ಎಲ್ಲ ಘಟಕಗಳ ಹೊತ್ತಗೆಗಳನ್ನು ಒಟ್ಟುಗೂಡಿಸಿ ಈ ಪುಟಗಳಲ್ಲಿಯೇ ಪ್ರಕಟಿಸೋಣ, ನಮ್ಮ ಸೀಮೆಯ ಪ್ರತಿಯೊಬ್ಬ ಶಾಸಕರಿಗೂ ಒಂದೊಂದು ಪ್ರತಿಯನ್ನು ಕೈಯಾರೆ ತಲುಪಿಸೋಣ. ತಾವು ಕೈಯೆತ್ತಿದ ಮಸೂದೆಯಲ್ಲಿ ಏನಿತ್ತೆಂದು ಅವರಲ್ಲಿ ಕೆಲವರಿಗಾದರೂ ಅಂದೇ ಮೊದಲು ತಿಳಿಯಬಹುದು.

ಮಳೆಯ ಲೆಕ್ಕ ಬರೆದಿಡಲು ನಮಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದಕ್ಕೂ ಬೇಡ. ಮುಂದಿನ ಅಧಿವೇಶನದೊಳಗೆ ಯಾವ ತಾಲೂಕಿನಿಂದ ಯಾರಿಬ್ಬರು ಈ ಹೊಣೆ ಹೊರುವಿರೆಂದು ದಯವಿಟ್ಟು ಬರೆದು ತಿಳಿಸಿರಿ.